ತಟ್ಟಿ ನೋಡಿ ಕೊಳ್ಳೋಣ

ಅಕ್ಕ ತಂಗಿಯರೇ, ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವು ಏನು ಮಾಡ್ತೇವೆ? ತಟ್ಟಿ ನೋಡ್ತೇವೆ. ಲ್ಯಾಪ್‌ಟಾಪನ್ನೂ ಹಾಗೇ ಕೊಳ್ಳಬೇಕು.

ಸಂಘದ ಲೆಕ್ಕ ಬರೆಯಲು ನಮಗೆ ಪುಟ್ಟ ಲ್ಯಾಪ್‌ಟಾಪ್ ಬೇಕು ಅನ್ನಿ. ಹಣ ಎಲ್ಲರ ಉಳಿತಾಯದ್ದು. ಒಂದು ರೂಪಾಯಿಯೂ ದಂಡ ಆಗಬಾರದು.

ಲ್ಯಾಪ್‌ಟಾಪ್ ನಡೆಯಲು ತಂತ್ರಾಂಶ ಬೇಕು. ಲಿನಕ್ಸ್ ಅನ್ನೋದು ಮುಕ್ತ ತಂತ್ರಾಂಶ. 1991ರಲ್ಲಿ ಫಿನ್‌ಲೆಂಡ್ ದೇಶದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಇದನ್ನು ಶುರು ಮಾಡಿದರು. ಇದನ್ನು ಮಾಡಿದ ಬಗೆ ಎಲ್ಲರಿಗೂ ತೆರೆದಿದೆ. ಉಪ್ಪಿನಕಾಯಿ ಕೊಟ್ಟು, ಹಾಕುವ ಬಗೆಯನ್ನೂ ಹೇಳಿಕೊಟ್ಟ ಹಾಗೆ. ಉಬುಂಟು, ಲಿನಕ್ಸ್ ಮಿಂಟ್ ಇದರ ಬಗೆಗಳು. ಇವಕ್ಕೆ ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೂ ಬರೆಯಬಹುದು. ಲೆಕ್ಕಕ್ಕೆ ಲಿಬ್ರೆಆಫೀಸ್ ಇದೆ.

ಕೊಳ್ಳುವಾಗ ಏನು ನೋಡಬೇಕು?

ತೂಕ ಒಂದೂವರೆ ಕಿಲೋ ಒಳಗಿರಲಿ. ಚೀಲದಲ್ಲಿ ಒಯ್ಯಲು ಸುಲಭ.

ರ‍್ಯಾಮ್ 8 ಜಿಬಿ ಇರಲಿ. ರ‍್ಯಾಮ್ ಅಂದರೆ ಅಡುಗೆಮನೆ ಕಟ್ಟೆ ಇದ್ದ ಹಾಗೆ. ಕಟ್ಟೆ ಕಿರಿದಾದರೆ ಕೆಲಸ ನಿಧಾನ. ಪುಟ್ಟ ಲ್ಯಾಪ್‌ಟಾಪುಗಳಲ್ಲಿ ಇದನ್ನು ಒಳಗೇ ಬೆಸೆದಿರುವುದು ಹೆಚ್ಚು. ಆಮೇಲೆ ಹೆಚ್ಚಿಸೋಕೆ ಆಗಲ್ಲ.

ಲೆಕ್ಕ, ಫೋಟೊ ಉಳಿಸಿಡಲು ಎಸ್‌ಎಸ್‌ಡಿ ಇರಲಿ. ಕೆಲಸ ಬೇಗ ಸಾಗುತ್ತೆ.

ಇನ್ನು ತಟ್ಟಿ ನೋಡೋದು ಹೇಗೆ? ತಿಳಿದವರಿಂದ ಪೆನ್ ಡ್ರೈವಿಗೆ ಲಿನಕ್ಸ್ ಹಾಕಿಸಿಕೊಳ್ಳೋಣ. ಅಂಗಡಿಯಲ್ಲೇ ಅದರಿಂದ ಲ್ಯಾಪ್‌ಟಾಪ್ ಶುರು ಮಾಡಿಸೋಣ. ಒಳಗೆ ಇರೋದನ್ನು ಅಳಿಸದೆಯೇ ಲಿನಕ್ಸ್ ನಡೆಯುತ್ತೆ. ವೈಫೈ ಸಿಗುತ್ತಾ? ದನಿ ಬರುತ್ತಾ? ಮುಚ್ಚಿ ತೆರೆದರೆ ಮತ್ತೆ ಏಳುತ್ತಾ? ಒಂದೊಂದಾಗಿ ನೋಡೋಣ.

ಅಂಗಡಿಯವರು ‘ನಡೆಯುತ್ತಮ್ಮಾ’ ಅಂದರೆ ಸಾಲದು. ನಮ್ಮ ಕಣ್ಣಮುಂದೆ ನಡೆಯಲಿ. ಆಮೇಲೆ ಹಣ ಎಣಿಸೋಣ.