ನಿಮ್ಮ ಜಮೀನಿನ ಲೆಕ್ಕ ಒಂದೇ ಭಾಷೆ ಆಡಲಿ



ನಿಮ್ಮ ಮನೆಯ ಹಳೆಯ ಪೆಟ್ಟಿಗೆಯನ್ನು ಒಮ್ಮೆ ತೆರೆದು ನೋಡಿರಿ. ಅಜ್ಜನ ಕಾಲದ ಕಾಗದದಲ್ಲಿ ಗದ್ದೆಯನ್ನು ಇಷ್ಟು ಮುಡಿ ಬೀಜ ಬೀಳುವ ಗದ್ದೆ ಎಂದು ಬರೆದಿರುತ್ತದೆ. ತಂದೆಯ ಕಾಲದ ದಸ್ತಾವೇಜಿನಲ್ಲಿ ಅದೇ ಗದ್ದೆ ಎಕರೆ, ಸೆಂಟ್ಸ್‌ಗಳಲ್ಲಿದೆ. ಈಚೆಗೆ ಬಂದ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹೆಕ್ಟೇರಿನ ಲೆಕ್ಕ. ಮಗನ ಮೊಬೈಲ್ ಫೋನಿನಲ್ಲಿ ಅಕ್ಷಾಂಶ, ರೇಖಾಂಶಗಳ ಎರಡು ಉದ್ದ ಸಂಖ್ಯೆಗಳು. ಗದ್ದೆ ಒಂದೇ, ಭಾಷೆ ನಾಲ್ಕು. ಈ ನಾಲ್ಕನ್ನೂ ತಪ್ಪಿಲ್ಲದೆ ಒಂದು ಭಾಷೆಗೆ ತರುವುದು ಹೇಗೆ, ತಪ್ಪಿದರೆ ನಿಮಗೆ ಆಗುವ ನಷ್ಟವೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಇದು ನಮ್ಮೊಬ್ಬರ ತೊಡಕಲ್ಲ

ಯುರೋಪಿನ ಹಲವು ದೇಶಗಳು ಸೇರಿ 2007ರಲ್ಲಿ ‘ಇನ್‌ಸ್ಪೈರ್’ ಎಂಬ ನಿಯಮವನ್ನು ಮಾಡಿಕೊಂಡವು. ಮಣ್ಣು, ನೀರು, ಜಮೀನಿನ ಗಡಿ, ಎತ್ತರ, ಸಂರಕ್ಷಿತ ಕಾಡು ಮುಂತಾದ 34 ವಿಷಯಗಳ ನಕ್ಷೆ ಮತ್ತು ಅಂಕಿಗಳನ್ನು ಪ್ರತಿ ದೇಶವೂ ಒಂದೇ ಮಾದರಿಗೆ ಪರಿವರ್ತಿಸಿ ಇಡಬೇಕೆಂಬುದು ಅದರ ತಿರುಳು. ನದಿಗೆ, ಗಾಳಿಗೆ ದೇಶದ ಗಡಿ ಗೊತ್ತಿಲ್ಲ. ಮೇಲಿನ ದೇಶದ ನೆರೆಯ ಲೆಕ್ಕ ಕೆಳಗಿನ ದೇಶಕ್ಕೆ ಅರ್ಥವಾಗದಿದ್ದರೆ ಆ ಲೆಕ್ಕವಿದ್ದೂ ಫಲವಿಲ್ಲ.

ಇದರ ಅಗತ್ಯವನ್ನು ತೋರಿಸುವ ಒಂದು ಪ್ರಸಂಗವಿದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ಲೌಫೆನ್‌ಬರ್ಗ್ ಎಂಬಲ್ಲಿ ರೈನ್ ನದಿಗೆ ಸೇತುವೆ ಕಟ್ಟುತ್ತಿದ್ದರು. ಜರ್ಮನಿಯವರು ಎತ್ತರವನ್ನು ಉತ್ತರ ಸಮುದ್ರದ ಮಟ್ಟದಿಂದ ಅಳೆಯುತ್ತಾರೆ, ಸ್ವಿಟ್ಜರ್ಲೆಂಡಿನವರು ಮೆಡಿಟರೇನಿಯನ್ ಸಮುದ್ರದ ಮಟ್ಟದಿಂದ. ಎರಡಕ್ಕೂ 27 ಸೆಂಟಿಮೀಟರ್ ವ್ಯತ್ಯಾಸ. ಇದು ಎಂಜಿನಿಯರರಿಗೆ ಗೊತ್ತಿತ್ತು. ಆದರೆ ಕೂಡಿಸಬೇಕಾದಲ್ಲಿ ಕಳೆದರು. ವ್ಯತ್ಯಾಸ ಅಳಿಯುವ ಬದಲು ಇಮ್ಮಡಿಯಾಗಿ, ಎರಡು ದಡಗಳ ಕೆಲಸದಲ್ಲಿ 54 ಸೆಂಟಿಮೀಟರ್ ಅಂತರ ಉಳಿದದ್ದು 2003ರಲ್ಲಿ ಗಮನಕ್ಕೆ ಬಂದಿತು. ಪರಿವರ್ತನೆಯ ಅಗತ್ಯ ತಿಳಿದಿದ್ದರೆ ಸಾಲದು, ಅದನ್ನು ಸರಿಯಾಗಿ ಮಾಡಬೇಕು ಎಂಬುದೇ ಇದರ ಪಾಠ.

ವಿಸ್ತೀರ್ಣ: 1.20 ಎಂದರೆ ಎಷ್ಟು?

ದಕ್ಷಿಣ ಕನ್ನಡ ಜಿಲ್ಲೆಯು 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದಲ್ಲಿತ್ತು. ಆದ್ದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಲ್ಲಿ ಇಂದಿಗೂ ಎಕರೆ–ಸೆಂಟ್ಸ್ ಲೆಕ್ಕ ರೂಢಿಯಲ್ಲಿದೆ. ಘಟ್ಟದ ಮೇಲೆ ಎಕರೆ–ಗುಂಟೆ. ಒಂದು ಎಕರೆಗೆ 100 ಸೆಂಟ್ಸ್ ಅಥವಾ 40 ಗುಂಟೆ. ಅಂದರೆ ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಒಂದು ಹೆಕ್ಟೇರಿಗೆ 2.47 ಎಕರೆ.

ಈಗ ಒಂದು ಕಾಗದದಲ್ಲಿ 1.20 ಎಂದು ಬರೆದಿದೆ ಎನ್ನಿ. ಇದು ಸೆಂಟ್ಸ್ ಲೆಕ್ಕವಾದರೆ ಒಂದು ಎಕರೆ ಇಪ್ಪತ್ತು ಸೆಂಟ್ಸ್. ಗುಂಟೆ ಲೆಕ್ಕವಾದರೆ ಒಂದೂವರೆ ಎಕರೆ. ನಡುವಿನ ಅಂತರ 30 ಸೆಂಟ್ಸ್. 2.7 ಮೀಟರ್ ಅಂತರದಲ್ಲಿ ನೆಟ್ಟ ತೋಟದಲ್ಲಿ ಇದು ಸುಮಾರು 160 ಅಡಿಕೆ ಮರಗಳ ಜಾಗ. ಪಾಲುಪಟ್ಟಿ, ಸಾಲದ ಅರ್ಜಿ, ವಿಮೆಯ ಅರ್ಜಿ ಬರೆಯುವಾಗ ಬರಿಯ ಸಂಖ್ಯೆಯನ್ನು ಎಂದಿಗೂ ಬರೆಯಬಾರದು. ಸಂಖ್ಯೆಯ ಮುಂದೆ ‘ಸೆಂಟ್ಸ್’, ‘ಗುಂಟೆ’ ಅಥವಾ ‘ಹೆಕ್ಟೇರ್’ ಎಂದು ಸ್ಪಷ್ಟವಾಗಿ ನಮೂದಿಸಬೇಕು.

ಹೆಸರುಗಳ ಪರಿವರ್ತನೆ

ಅಳತೆಯಂತೆ ಹೆಸರೂ ತೊಡಕು ತರುತ್ತದೆ. ನಮ್ಮ ಹಳೆಯ ದಾಖಲೆಗಳ ‘ನಂಜ’ವೇ ಘಟ್ಟದ ಮೇಲಿನ ‘ತರಿ’. ‘ಪುಂಜ’ವೇ ‘ಖುಷ್ಕಿ’. ಇವನ್ನು ಒಂದಕ್ಕೊಂದು ಹೊಂದಿಸುವುದು ಸುಲಭ. ಆದರೆ ಬೈಲು, ಮಜಲು, ಬೆಟ್ಟು ಎಂಬ ನಮ್ಮ ಮೂರು ಬಗೆಯ ಗದ್ದೆಗಳನ್ನು ಯಾವುದೋ ನಮೂನೆಯಲ್ಲಿ ‘ಭತ್ತದ ಭೂಮಿ’ ಎಂಬ ಒಂದೇ ಮನೆಗೆ ತುಂಬಿದರೆ ಏನಾಗುತ್ತದೆ? ಬೈಲಿನಲ್ಲಿ ನೀರು ನಿಲ್ಲುತ್ತದೆ, ಬೆಟ್ಟುಗದ್ದೆ ಮಳೆ ಬಿಟ್ಟೊಡನೆ ಒಣಗುತ್ತದೆ. ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಎಲ್ಲ ಗದ್ದೆಗಳಲ್ಲೂ ಆಗುವುದಿಲ್ಲ. ಈ ತಿಳಿವಳಿಕೆಯೆಲ್ಲ ಆ ಒಂದು ಪದದಲ್ಲಿ ಅಳಿಸಿಹೋಗುತ್ತದೆ. ಆದ್ದರಿಂದ ಹೊಸ ಹೆಸರನ್ನು ಬರೆಯುವಾಗ ಹಳೆಯ ಹೆಸರನ್ನು ಹೊಡೆದುಹಾಕದೆ ಪಕ್ಕದಲ್ಲಿ ಉಳಿಸಿಕೊಳ್ಳಬೇಕು.

ಊರಿನ ಹೆಸರಿಗೂ ಇದೇ ಮಾತು. ಮೂಡುಬಿದಿರೆ ಹಿಂದೆ ಕಾರ್ಕಳ ತಾಲೂಕಿನಲ್ಲಿತ್ತು. 1997ರಲ್ಲಿ ಉಡುಪಿ ಜಿಲ್ಲೆ ಬೇರೆಯಾದಾಗ ಮಂಗಳೂರು ತಾಲೂಕಿಗೆ ಸೇರಿತು. ಈಗ ತಾನೇ ಒಂದು ತಾಲೂಕು. ಅಲ್ಲಿನ ಒಂದೇ ಸರ್ವೆ ನಂಬರು ಮೂರು ಕಾಲದ ಕಾಗದಗಳಲ್ಲಿ ಮೂರು ತಾಲೂಕುಗಳ ಕೆಳಗೆ ಸಿಗಬಹುದು. ‘ಮೂಡಬಿದ್ರಿ’, ‘ಮೂಡುಬಿದಿರೆ’ ಎಂಬ ಎರಡು ಬರವಣಿಗೆಗಳನ್ನು ಮನುಷ್ಯ ಒಂದೇ ಎಂದು ತಿಳಿಯುತ್ತಾನೆ, ಗಣಕಯಂತ್ರ ತಿಳಿಯುವುದಿಲ್ಲ. ಗ್ರಾಮಗಳಿಗೆ ಸಂಕೇತ ಸಂಖ್ಯೆ ಕೊಟ್ಟಿರುವುದು ಈ ಕಾರಣಕ್ಕೇ. ಪ್ರತಿ ಜಮೀನಿಗೂ 14 ಅಂಕಿಯ ಪ್ರತ್ಯೇಕ ಗುರುತಿನ ಸಂಖ್ಯೆ ಕೊಡುವ ಯೋಜನೆ ದೇಶದಲ್ಲಿ 2021ರಲ್ಲಿ ಆರಂಭವಾಯಿತು.

ಸ್ಥಳ ಗುರುತಿಸುವಾಗ ಎಚ್ಚರ

ಮಣ್ಣಿನ ಮಾದರಿ ತೆಗೆದ ಸ್ಥಳವನ್ನೂ, ಬೆಳೆ ಸಮೀಕ್ಷೆಯ ಚಿತ್ರ ತೆಗೆದ ಸ್ಥಳವನ್ನೂ ಈಗ ಅಕ್ಷಾಂಶ ರೇಖಾಂಶಗಳಿಂದ ಗುರುತಿಸುತ್ತಾರೆ. ಇಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಒಂದುಂಟು. ಬೆಳ್ತಂಗಡಿ ಸಮೀಪದ ಒಂದು ತೋಟ 12 ಡಿಗ್ರಿ 59 ಮಿನಿಟು ಉತ್ತರ, 75 ಡಿಗ್ರಿ 16 ಮಿನಿಟು ಪೂರ್ವದಲ್ಲಿದೆ ಎನ್ನಿ. ಇದನ್ನು ದಶಮಾಂಶದಲ್ಲಿ ಬರೆಯಬೇಕಾದರೆ ಮಿನಿಟನ್ನು 60ರಿಂದ ಭಾಗಿಸಬೇಕು. ಆಗ 12.983 ಮತ್ತು 75.267 ಬರುತ್ತದೆ. ಭಾಗಿಸದೆ 12.59 ಮತ್ತು 75.16 ಎಂದು ಬರೆದರೆ ಆ ತೋಟ ನಕ್ಷೆಯಲ್ಲಿ ಸುಮಾರು 45 ಕಿಲೋಮೀಟರ್ ದೂರ ಹಾರಿ ಕಾಸರಗೋಡು ಜಿಲ್ಲೆಯಲ್ಲಿ ಹೋಗಿ ಬೀಳುತ್ತದೆ!

ಇನ್ನೊಂದು ತೊಡಕು ಸೂಕ್ಷ್ಮವಾದುದು. 1802ರಲ್ಲಿ ಮದರಾಸಿನಲ್ಲಿ ಲ್ಯಾಂಬ್ಟನ್ ಆರಂಭಿಸಿದ ತ್ರಿಕೋನ ಅಳತೆಯ ಸಾಲು ಬೆಂಗಳೂರನ್ನು ಹಾದು ಮಂಗಳೂರಿನ ಕಡಲ ತೀರವನ್ನು ಮುಟ್ಟಿತು. ದೇಶದ ಹಳೆಯ ಭೂಪಟಗಳು ‘ಎವರೆಸ್ಟ್’ ಎಂಬ ಭೂ ಆಕಾರದ ಲೆಕ್ಕದ ಮೇಲೆ ನಿಂತಿವೆ. ಇಂದಿನ ಉಪಗ್ರಹ ಉಪಕರಣಗಳು ‘ಡಬ್ಲ್ಯೂಜಿಎಸ್ 84’ ಎಂಬ ಬೇರೆ ಲೆಕ್ಕವನ್ನು ಹಿಡಿಯುತ್ತವೆ. ಹಳೆಯ ಪಟದ ಅಕ್ಷಾಂಶವನ್ನು ಪರಿವರ್ತಿಸದೆ ಹೊಸ ನಕ್ಷೆಗೆ ಹಾಕಿದರೆ ಸ್ಥಳ ನೂರು ಮೀಟರಿಗೂ ಮಿಕ್ಕಿ ಸರಿಯುತ್ತದೆ. ನಮ್ಮ ಸಣ್ಣ ಹಿಡುವಳಿಗಳಲ್ಲಿ ಅಷ್ಟು ದೂರವೆಂದರೆ ನೆರೆಯವರ ತೋಟ. ಮೊಬೈಲಿನ ‘ದಿಶಾಂಕ್’ನಂಥ ಸಾಧನ ಸರ್ವೆ ನಂಬರನ್ನು ತಿಳಿಯಲು ಬಹು ಅನುಕೂಲ. ಆದರೆ ಅದರ ಗೆರೆಯನ್ನು ನಂಬಿ ಬೇಲಿ ಹಾಕಬಾರದು. ಗಡಿಗೆ ಸರ್ವೆಯರರ ಅಳತೆಯೇ ಆಧಾರ.

ಮಣ್ಣು ಪರೀಕ್ಷೆಯ ಅಂಕಿಗಳು

ಮಣ್ಣಿನ ಆರೋಗ್ಯ ಚೀಟಿ ಯೋಜನೆ 2015ರ ಫೆಬ್ರವರಿ 19ರಂದು ಆರಂಭವಾಯಿತು. ನೀರಾವರಿ ಪ್ರದೇಶದಲ್ಲಿ ಎರಡೂವರೆ ಹೆಕ್ಟೇರಿಗೆ, ಮಳೆಯಾಶ್ರಿತದಲ್ಲಿ 10 ಹೆಕ್ಟೇರಿಗೆ ಒಂದು ಮಾದರಿ ತೆಗೆದು 12 ಅಂಶಗಳನ್ನು ಪರೀಕ್ಷಿಸುವುದು ಅದರ ಕ್ರಮ. ಆ ಚೌಕದೊಳಗೆ ನಿಮ್ಮ ಬೈಲೂ, ನೆರೆಯವರ ಗುಡ್ಡದ ತೋಟವೂ ಒಟ್ಟಿಗೆ ಸೇರಿರಬಹುದೆಂಬುದನ್ನು ಮರೆಯಬೇಡಿ. ಸಾಧ್ಯವಾದರೆ ಸ್ವಂತ ಮಾದರಿಯನ್ನೇ ಪರೀಕ್ಷೆಗೆ ಕೊಡಿರಿ.

ಎರಡು ವರ್ಷಗಳ, ಎರಡು ಪ್ರಯೋಗಾಲಯಗಳ ವರದಿಗಳನ್ನು ಹೋಲಿಸುವಾಗ ಈ ಅಂಶಗಳನ್ನು ನೋಡಬೇಕು.

1. ಮಾನ ಯಾವುದು? ಪಿಪಿಎಂನಲ್ಲಿರುವುದನ್ನು 2.24ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋಗ್ರಾಂ ಬರುತ್ತದೆ. ಒಂದು ವರದಿಯ 120 ಪಿಪಿಎಂ ಮತ್ತೊಂದರ 269 ಕಿಲೋ ಎರಡೂ ಒಂದೇ. ಇದು 15 ಸೆಂಟಿಮೀಟರ್ ಆಳದ ಮಾದರಿಗೆ ಮಾತ್ರ ಅನ್ವಯಿಸುವ ಲೆಕ್ಕ.

2. ವಿಧಾನ ಯಾವುದು? ನಮ್ಮ ಹುಳಿ ಮಣ್ಣಿನಲ್ಲಿ ರಂಜಕವನ್ನು ‘ಬ್ರೇ’ ವಿಧಾನದಿಂದ ಅಳೆಯುವುದು ಯೋಗ್ಯ. ‘ಓಲ್ಸೆನ್’ ವಿಧಾನ ತಟಸ್ಥ ಮತ್ತು ಕ್ಷಾರ ಮಣ್ಣಿಗೆ ಹೇಳಿದ್ದು. ಈ ಎರಡು ವಿಧಾನಗಳ ಅಂಕಿಗಳನ್ನು ನೇರವಾಗಿ ಹೋಲಿಸಿ ರಂಜಕ ಹೆಚ್ಚಾಯಿತು, ಕಡಿಮೆಯಾಯಿತು ಎಂದು ತೀರ್ಮಾನಿಸಲಾಗದು.

3. ಅಂಶ ಯಾವ ರೂಪದಲ್ಲಿದೆ? ಕೆಲವೆಡೆ ಶುದ್ಧ ರಂಜಕ, ಪೊಟ್ಯಾಷಿಯಂ ಎಂದೂ, ಕೆಲವೆಡೆ ಅವುಗಳ ಆಕ್ಸೈಡ್ ರೂಪದಲ್ಲೂ ಬರೆಯುತ್ತಾರೆ. ರಂಜಕವನ್ನು 2.29ರಿಂದ, ಪೊಟ್ಯಾಷಿಯಂನ್ನು 1.2ರಿಂದ ಗುಣಿಸಿದರೆ ಆಕ್ಸೈಡ್ ರೂಪ ಸಿಗುತ್ತದೆ.

ಮೂರನೆಯ ಅಂಶ ನೇರವಾಗಿ ಜೇಬಿಗೆ ಸಂಬಂಧಿಸಿದ್ದು. ಬಂಟ್ವಾಳ ತಾಲೂಕಿನ ವಿಟ್ಲದಲ್ಲಿ ಪ್ರಾದೇಶಿಕ ಕೇಂದ್ರವುಳ್ಳ ಸಿಪಿಸಿಆರ್‌ಐ ಸಂಸ್ಥೆಯ ಶಿಫಾರಸಿನಂತೆ ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಕೊಡಬೇಕು. ಇಲ್ಲಿ ರಂಜಕ, ಪೊಟ್ಯಾಷ್‌ಗಳು ಆಕ್ಸೈಡ್ ರೂಪದವು. ಆದ್ದರಿಂದ ಶೇಕಡ 20ರ ಶಿಲಾರಂಜಕವಾದರೆ 200 ಗ್ರಾಂ, ಶೇಕಡ 60ರ ಮ್ಯುರಿಯೇಟ್ ಆಫ್ ಪೊಟ್ಯಾಷ್ ಆದರೆ ಸುಮಾರು 233 ಗ್ರಾಂ ಸಾಕು. ಶುದ್ಧ ರೂಪವೆಂದು ತಪ್ಪು ತಿಳಿದು ಮತ್ತೆ ಗುಣಿಸಿದರೆ ಶಿಲಾರಂಜಕ 458 ಗ್ರಾಂ, ಪೊಟ್ಯಾಷ್ 280 ಗ್ರಾಂ ಆಗುತ್ತದೆ. ಸಾವಿರ ಮರಗಳ ತೋಟದಲ್ಲಿ 258 ಕಿಲೋ ಶಿಲಾರಂಜಕ, 47 ಕಿಲೋ ಪೊಟ್ಯಾಷ್ ವೃಥಾ ವೆಚ್ಚ!

ಮಳೆಯ ಲೆಕ್ಕ

ಮಳೆಯನ್ನು ದಿನವೂ ಅಳೆದು ಬರೆದಿಡುವ ಕೃಷಿಕರು ನಮ್ಮ ಜಿಲ್ಲೆಯಲ್ಲಿ ಹಲವರಿದ್ದಾರೆ. ಇದು ಅತ್ಯಂತ ಶ್ಲಾಘನೀಯ. ಆ ಪುಸ್ತಕಗಳು ಇಂಚಿನಲ್ಲಿದ್ದರೆ 25.4ರಿಂದ ಗುಣಿಸಿ ಮಿಲಿಮೀಟರಿಗೆ ತರಬಹುದು. ಆದರೆ ಹವಾಮಾನ ಇಲಾಖೆಯ ದಿನ ಬೆಳಗ್ಗೆ 8.30ರಿಂದ ಮರುದಿನ ಬೆಳಗ್ಗೆ 8.30ರವರೆಗೆ. ನೀವು ಸಂಜೆ ಅಳೆದರೆ ಒಂದೇ ಮಳೆ ಎರಡು ತಾರೀಕುಗಳಿಗೆ ಹಂಚಿಹೋಗುತ್ತದೆ. ಅಳತೆಯ ಹೊತ್ತನ್ನು ಬೆಳಗ್ಗೆ 8.30ಕ್ಕೆ ಬದಲಾಯಿಸಿಕೊಳ್ಳಿರಿ.

ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಯಲ್ಲಿ ಪರಿಹಾರ ನಿರ್ಧಾರವಾಗುವುದು ಮಳೆಮಾಪನ ಕೇಂದ್ರದ ಅಂಕಿಗಳಿಂದ, ನಿಮ್ಮ ಪುಸ್ತಕದಿಂದಲ್ಲ. ಆದರೂ ಒಂದೇ ಹೊತ್ತಿಗೆ, ಒಂದೇ ಮಾನದಲ್ಲಿ ಬರೆದ ಪುಸ್ತಕವಿದ್ದರೆ ಕೇಂದ್ರದ ಯಂತ್ರ ಕೆಟ್ಟಿರುವುದನ್ನು ತೋರಿಸಿ ಪ್ರಶ್ನಿಸಲು ಆಧಾರ ದೊರೆಯುತ್ತದೆ. ನೇತ್ರಾವತಿಯ 1923 ಮತ್ತು 1974ರ ನೆರೆಗಳನ್ನು ಬಂಟ್ವಾಳದ ಹಿರಿಯರು ಇಂದಿಗೂ ಮಾತಿನಲ್ಲಿ ತರುತ್ತಾರೆ. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲೂಕು ನೆರೆಯಿಂದ ನಲುಗಿತು. ನೀರು ಬಂದ ಮಟ್ಟವನ್ನು ಮನೆಯ ಗೋಡೆಯಲ್ಲಿ ಗುರುತು ಮಾಡಿದವರು ಅದು ಯಾವ ನೆಲದಿಂದ ಎಷ್ಟು ಎತ್ತರವೆಂದು ಬರೆದಿಟ್ಟರೆ ಮುಂದಿನವರಿಗೆ ಉಪಕಾರವಾದೀತು.

ನೀವು ಮಾಡಬೇಕಾದುದು

ಒಂದು ಪುಸ್ತಕವಿಡಿ. ಪ್ರತಿ ಅಂಕಿಯ ಜೊತೆಗೂ ಐದು ವಿಷಯ ಬರೆಯಿರಿ: ಯಾವ ಮಾನ, ಯಾವ ವಿಧಾನ, ಯಾವ ತಾರೀಕು, ಎಲ್ಲಿ, ಯಾರು ಅಳೆದರು. ಪರಿವರ್ತಿಸಿದ ಅಂಕಿಯನ್ನು ಬೇರೆ ಕಲಮಿನಲ್ಲಿ ಬರೆಯಿರಿ, ಮೂಲ ಅಂಕಿಯನ್ನು ತಿದ್ದಬೇಡಿ. ಪರಿವರ್ತನೆಯಲ್ಲಿ ತಪ್ಪಾದರೆ ಮೂಲವಿದ್ದಾಗ ಮಾತ್ರ ಸರಿಪಡಿಸಲು ಸಾಧ್ಯ. ಪಹಣಿಯಲ್ಲಿರುವ ಬೆಳೆ, ಬೆಳೆ ಸಮೀಕ್ಷೆಯಲ್ಲಿರುವ ಬೆಳೆ, ವಿಮೆಗೆ ಬರೆದ ಬೆಳೆ ಈ ಮೂರೂ ಒಂದೇ ಆಗಿವೆಯೇ ಎಂದು ವರ್ಷಕ್ಕೊಮ್ಮೆ ತಾಳೆ ನೋಡಿರಿ. ಗದ್ದೆಯನ್ನು ತೋಟ ಮಾಡಿದವರಲ್ಲಿ ಪಹಣಿಯಲ್ಲಿ ಇನ್ನೂ ಭತ್ತವೇ ಉಳಿದಿರುವುದುಂಟು. ಅಂಥವರು ತಡಮಾಡದೆ ತಿದ್ದುಪಡಿಗೆ ಅರ್ಜಿ ಕೊಡಬೇಕು. ಸಂದೇಹ ಬಂದಲ್ಲಿ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿರಿ.

ಸೇರು ಹೋಗಿ ಕಿಲೋ ಬಂದಾಗ ನಮ್ಮ ಹಿರಿಯರು ಸ್ವಲ್ಪ ಕಾಲ ಎರಡನ್ನೂ ಬಾಯಿಲೆಕ್ಕದಲ್ಲಿ ಹಿಡಿದುಕೊಂಡು ಮೋಸಹೋಗದೆ ವ್ಯಾಪಾರ ಮಾಡಿದರು. ಆ ಜಾಣ್ಮೆ ಈಗ ಕಾಗದ ಪತ್ರದಲ್ಲೂ ಬೇಕಾಗಿದೆ. ಈ ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಪುಸ್ತಕದ ಮೊದಲ ಪುಟ ತುಂಬಲಿ.