ಟ್ರೆಡ್‌ಮಿಲ್ ತೋರಿಸೋ ಕ್ಯಾಲೊರಿ, ಎಷ್ಟು ನಿಜ?

ಟ್ರೆಡ್‌ಮಿಲ್‌ಗೆ ನಮ್ಮ ಬಗ್ಗೆ ಗೊತ್ತಿರೋದು ತುಂಬಾ ಕಡಿಮೆ. ಬೆಲ್ಟಿನ ವೇಗ, ಇನ್‌ಕ್ಲೈನ್, ಎಷ್ಟು ನಿಮಿಷ ಆಯ್ತು, ಇಷ್ಟೇ. ತೂಕ ಕೇಳಿದಾಗ ನಾವು ಸ್ಕಿಪ್ ಒತ್ತಿದರೆ ಅದು ತನಗೆ ಹೇಳಿಕೊಟ್ಟ ಯಾವುದೋ ತೂಕ ಇಟ್ಕೊಂಡು ಲೆಕ್ಕ ಹಾಕಿಬಿಡುತ್ತೆ.

ನನ್ನ ಗೆಳತಿಯ ಪರದೆ ದಿನಾ 200ರ ಆಸುಪಾಸು ತೋರಿಸುತ್ತಿತ್ತು. ಅಷ್ಟು ಕ್ಯಾಲೊರಿಯ ಸಂಜೆ ತಿಂಡಿಗೆ ಅವಳಿಗೆ ಅದೇ ಪರ್ಮಿಷನ್! ಎರಡು ತಿಂಗಳಾದರೂ ತೂಕ ಇಳಿಯದೆ, "ನನ್ನ ದೇಹವೇ ಸರಿಯಿಲ್ಲ ಕಣೇ" ಅಂತ ರಾತ್ರಿ ಊಟವನ್ನೇ ಬಿಡೋಕೆ ಹೊರಟಿದ್ದಳು. ಆಗ ಇಬ್ಬರೂ ಕೂತು ಲೆಕ್ಕ ಹಾಕಿದೆವು.

ಅಮೆರಿಕನ್ ಕಾಲೇಜ್ ಆಫ್ ಸ್ಪೋರ್ಟ್ಸ್ ಮೆಡಿಸಿನ್‌ನ ಒಂದು ಸೂತ್ರವಿದೆ. ದೇಹ ನಿಮಿಷಕ್ಕೆ ಎಷ್ಟು ಆಮ್ಲಜನಕ ಬಳಸುತ್ತೆ ಅನ್ನೋದನ್ನು ವೇಗ ಮತ್ತು ಏರಿನಿಂದ ಅಂದಾಜು ಮಾಡೋದು. ಒಂದು ಲೀಟರ್ ಆಮ್ಲಜನಕಕ್ಕೆ ಸುಮಾರು 5 ಕ್ಯಾಲೊರಿ. ಅದನ್ನೇ ಬಾಯಿಲೆಕ್ಕ ಮಾಡಿಕೊಂಡರೆ, ಸಮತಟ್ಟಾದ ಬೆಲ್ಟಿನ ಮೇಲೆ ನಡೆದಾಗ ಪ್ರತಿ ಕಿಲೋಮೀಟರಿಗೆ, ತೂಕದ ಪ್ರತಿ ಕೆ.ಜಿ.ಗೆ ಅರ್ಧ ಕ್ಯಾಲೊರಿ. ಓಡಿದರೆ ಒಂದು. ನಡಿಗೆಗೆ 5 ಪರ್ಸೆಂಟ್ ಇನ್‌ಕ್ಲೈನ್ ಕೊಟ್ಟರೆ ಅರ್ಧ ಇದ್ದದ್ದು 0.95 ಆಗುತ್ತೆ, ಹೆಚ್ಚುಕಡಿಮೆ ದುಪ್ಪಟ್ಟು. (ನಂಗೆ ತುಂಬಾ ಇಷ್ಟವಾದ ಅಂಶ ಇದು: ಮಂಡಿನೋವಿನ ಭಯಕ್ಕೆ ಓಡದವರಿಗೂ ದಾರಿಯಿದೆ.)

ಅವಳದು 60 ಕೆ.ಜಿ. ಗಂಟೆಗೆ 5 ಕಿ.ಮೀ. ವೇಗ, ಅರ್ಧ ಗಂಟೆ, ಇನ್‌ಕ್ಲೈನ್ 5. ಅಂದರೆ ಎರಡೂವರೆ ಕಿಲೋಮೀಟರ್, ಸುಮಾರು 142 ಕ್ಯಾಲೊರಿ. ಮತ್ತೆ 200 ಎಲ್ಲಿಂದ ಬಂತು? ಅದೇ ಸೂತ್ರದಲ್ಲಿ 70 ಕೆ.ಜಿ. ಅಂತಿಟ್ಟು, ಸುಮ್ಮನೆ ಸೋಫಾದಲ್ಲಿ ಕೂತಿದ್ದರೂ ಖರ್ಚಾಗುವ ಮೂವತ್ತು ಚಿಲ್ಲರೆಯನ್ನೂ ಸೇರಿಸಿದರೆ ಸರಿಯಾಗಿ 203! ಯಂತ್ರವೂ ಹಾಗೇ ಮಾಡಿರಬೇಕು. ಅವಳ ದೇಹದಲ್ಲಿ ದೋಷವೇನೂ ಇರಲಿಲ್ಲ. ಇನ್ನು, ಸುಟ್ಟಷ್ಟನ್ನೂ ತಿಂದರೆ ಲೆಕ್ಕ ಸರಿಯಿದ್ದರೂ ತೂಕ ಇಳಿಯಲ್ಲ, ಅದು ಬೇರೆ ಮಾತು.

ಕಂಬಿ ಹಿಡ್ಕೊಂಡು ಹಿಂದಕ್ಕೆ ವಾಲಿ ನಡೆಯೋರ ಕಥೆ ಇನ್ನೂ ಸ್ವಲ್ಪ ಕಷ್ಟ. ದೇಹದ ಭಾರದಲ್ಲಿ ಒಂದು ಪಾಲು ಕೈಗೆ ಹೋಗುತ್ತೆ, ಏರು ಹತ್ತುವ ಶ್ರಮ ಕಡಿಮೆಯಾಗುತ್ತೆ. ಪರದೆಗೆ ಅದು ಕಾಣೋದೇ ಇಲ್ಲ. ಬ್ಯಾಲೆನ್ಸ್ ತಪ್ಪುತ್ತೆ ಅನಿಸಿದರೆ ಖಂಡಿತ ಹಿಡ್ಕೊಳ್ಳಿ, ಆದರೆ ಇನ್‌ಕ್ಲೈನ್ ಇಳಿಸಿ.

ಕೈಯಲ್ಲಿರೋ ಸ್ಮಾರ್ಟ್‌ವಾಚ್ ನಾಡಿಬಡಿತ ನೋಡುತ್ತೆ ನಿಜ, ಆದರೆ ಸೆಖೆಗೂ ಟೆನ್ಷನ್‌ಗೂ ಬಡಿತ ಏರುತ್ತಲ್ಲ. ಅದೂ ಅಂದಾಜೇ. ಒಂದೇ ಯಂತ್ರದಲ್ಲಿ, ನಿಮ್ಮದೇ ತೂಕ ಒತ್ತಿ, ಹೋದ ವಾರಕ್ಕೂ ಈ ವಾರಕ್ಕೂ ಹೋಲಿಸಿ ನೋಡೋಕೆ ಮಾತ್ರ ಯಾವ ಅಡ್ಡಿಯೂ ಇಲ್ಲ.