ಊರ ಮಾತಿಗೆ ಹೊಸ ತಾಳ: ಚೀನಾದ ರ್‍ಯಾಪ್ ಗಾಯನ

ಪ್ರಾಸಬದ್ಧವಾದ ಮಾತುಗಳನ್ನು ತಾಳಕ್ಕೆ ತಕ್ಕಂತೆ ವೇಗವಾಗಿ ನುಡಿಯುವ ಗಾಯನಕ್ಕೆ ರ್‍ಯಾಪ್ ಎಂದು ಹೆಸರು. 1970ರ ದಶಕದಲ್ಲಿ ಅಮೆರಿಕದ ನ್ಯೂಯಾರ್ಕ್ ನಗರದ ಬಡ ಕೇರಿಗಳಲ್ಲಿ ಹುಟ್ಟಿದ ಈ ಪ್ರಕಾರವು ಇಂದು ಚೀನಾದ ತರುಣರ ಮನವನ್ನೂ ಸೂರೆಗೊಂಡಿದೆ. ಇಂತಹ ಪರದೇಶದ ಹಾಡುಗಾರಿಕೆಯು ಮಕ್ಕಳನ್ನು ತಮ್ಮ ಸಂಸ್ಕೃತಿಯಿಂದ ದೂರ ಮಾಡೀತೆಂದು ಹಿರಿಯರು ಅಂಜುವುದು ಸಹಜ. ಆದರೆ ಚೀನಾದ ಅನೇಕ ಗಾಯಕರು ಈ ಹೊಸ ತಾಳದ ಮೂಲಕವೇ ತಮ್ಮ ಊರ ಮಾತಿಗೆ ಮರಳಿದರೆಂಬುದು ಗಮನಾರ್ಹ ಸಂಗತಿ.

ಚೀನಾದಲ್ಲಿ ಬರವಣಿಗೆ ಒಂದೇ ಆದರೂ ಒಂದು ಪ್ರಾಂತದ ಆಡುನುಡಿ ಇನ್ನೊಂದು ಪ್ರಾಂತದವರಿಗೆ ತಿಳಿಯದಷ್ಟು ಭಿನ್ನವಾಗಿರುವುದುಂಟು. 1956ರಿಂದ ಸರ್ಕಾರವು ಬೀಜಿಂಗ್ ಉಚ್ಚಾರವನ್ನಾಧರಿಸಿದ ಶಿಷ್ಟ ಭಾಷೆಯನ್ನು ದೇಶದಾದ್ಯಂತ ಪ್ರಚಾರ ಮಾಡುತ್ತ ಬಂದಿತು. 2001ರ ಜನವರಿ 1ರಿಂದ ಅದಕ್ಕೆ ಕಾಯ್ದೆಯ ಬಲವೂ ದೊರೆಯಿತು. ದೂರ ದೂರದ ಜನರು ಪರಸ್ಪರ ಮಾತನಾಡುವಂತಾದುದು ಸಣ್ಣ ಲಾಭವೇನಲ್ಲ. ಆದರೆ ಶಾಲೆಯಲ್ಲಿಯೂ ದೂರದರ್ಶನದಲ್ಲಿಯೂ ಅದೊಂದೇ ನುಡಿಯನ್ನು ಕೇಳಿ ಬೆಳೆದ ನಗರದ ಅನೇಕ ಮಕ್ಕಳಿಗೆ ಅಜ್ಜ ಅಜ್ಜಿಯರ ಮಾತು ಅಪರಿಚಿತವಾಗತೊಡಗಿತು.

ಚೀನೀ ಭಾಷೆಯಲ್ಲಿ ಧ್ವನಿಯ ಏರಿಳಿತವೇ ಪದದ ಅರ್ಥವನ್ನು ಬದಲಿಸುತ್ತದೆ. ಶಿಷ್ಟ ಭಾಷೆಯಲ್ಲಿ ಇಂತಹ ಏರಿಳಿತಗಳು ನಾಲ್ಕು, ದಕ್ಷಿಣದ ಕ್ಯಾಂಟನೀಸ್ ನುಡಿಯಲ್ಲಿ ಆರು. ಆದುದರಿಂದ ಪ್ರತಿಯೊಂದು ಪ್ರಾಂತದ ಮಾತಿನಲ್ಲಿಯೂ ಅದರದೇ ಆದ ಸಂಗೀತ ಅಡಗಿದೆ. ನೈಋತ್ಯದ ಸಿಚುವಾನ್ ಪ್ರಾಂತದಲ್ಲಂತೂ ಬಿದಿರಿನ ಮೂರು ಪಟ್ಟಿಗಳನ್ನು ಬಡಿಯುತ್ತ, ಊರ ಮಾತಿನಲ್ಲಿಯೇ ಕಥೆ ಹೇಳುವ ‘ಜಿನ್‌ಚಿಯಾನ್‌ಬಾನ್’ ಎಂಬ ಜನಪದ ಕಲೆ ಹಿಂದಿನಿಂದಲೂ ಇದೆ. ತಾಳಕ್ಕೆ ಮಾತು ಹೊಂದಿಸುವುದು ಅಲ್ಲಿಯ ಜನರಿಗೆ ಹೊಸ ವಿದ್ಯೆಯಲ್ಲ.

ಇದೇ ಪ್ರಾಂತದ ಚೆಂಗ್ಡು ನಗರದ ನಾಲ್ವರು ತರುಣರು ‘ಹೈಯರ್ ಬ್ರದರ್ಸ್’ ಎಂಬ ಹೆಸರಿನಲ್ಲಿ ತಮ್ಮ ಆಡುನುಡಿಯಲ್ಲಿ ಹಾಡಿ 2017ರಲ್ಲಿ ವಿದೇಶಗಳಲ್ಲಿಯೂ ಹೆಸರಾದರು. ಅದೇ ವರ್ಷ ‘ದಿ ರ್‍ಯಾಪ್ ಆಫ್ ಚೈನಾ’ ಸ್ಪರ್ಧೆಯ ಪ್ರಥಮ ಸ್ಥಾನವನ್ನು ಹಂಚಿಕೊಂಡ ಇಬ್ಬರಲ್ಲಿ ಸಿಚುವಾನಿನ ಝೌ ಯಾನ್ ಒಬ್ಬರು. ಹಳೆಯ ವೀರಕಥೆಗಳ ವಾತಾವರಣವನ್ನು ರ್‍ಯಾಪಿಗೆ ತಂದ ಇವರು, 2018ರ ಜನವರಿಯಲ್ಲಿ ‘ಸಿಂಗರ್’ ಎಂಬ ದೂರದರ್ಶನ ಸ್ಪರ್ಧೆಯಲ್ಲಿ 1990ರ ಚಲನಚಿತ್ರವೊಂದರ ಹಾಡಿಗೆ ರ್‍ಯಾಪ್ ಬೆರೆಸಿ ಹಾಡಿದರು. ನಮ್ಮ ಭೂಪ ರಾಗದಂತೆ ಐದೇ ಸ್ವರಗಳಲ್ಲಿ ಸಂಚರಿಸುವ ಹಾಡದು.

ಆದರೆ ಆ ತಿಂಗಳಲ್ಲಿಯೇ ಈ ಗಾಯನದ ಮೇಲೆ ಅಧಿಕಾರಿಗಳ ಕಟ್ಟುನಿಟ್ಟು ಬಿಗಿಯಾಯಿತು. ಮಾದಕ ವಸ್ತು, ಹಿಂಸೆ, ಅಶ್ಲೀಲತೆಗಳ ಸೋಂಕು ಕೆಲವರ ಹಾಡುಗಳಲ್ಲಿ ಇದ್ದುದೂ ನಿಜ. ಝೌ ಯಾನ್ ಅವರೂ ಆ ಸ್ಪರ್ಧೆಯಿಂದ ಮರೆಯಾದರು. ಮುಂದೆ ಸಂಪ್ರದಾಯ, ದೇಶಾಭಿಮಾನಗಳ ಹಾಡುಗಳು ಹೆಚ್ಚಿದವು. ಇವುಗಳಲ್ಲಿ ಅಂತರಂಗದ ಪ್ರೀತಿಯೆಷ್ಟು, ಆತ್ಮರಕ್ಷಣೆಯ ಕವಚವೆಷ್ಟು ಎಂದು ಹೊರಗಿನವರು ಅಳೆಯುವುದು ಸುಲಭವಲ್ಲ.

ಹಾಗೆಂದು ಪ್ರಯೋಗಗಳು ನಿಲ್ಲಲಿಲ್ಲ. ದಕ್ಷಿಣದ ಗ್ವಾಂಗ್‌ಡಾಂಗ್ ಪ್ರಾಂತದ ಗಾಯಕ ಲಾನ್ ಲಾವೊ ತಮ್ಮ ಸೀಮೆಯ ಉಚ್ಚಾರದಲ್ಲಿಯೇ ಧೂಪ, ಪೂಜಾಪೀಠ, ಹಸಿರು ಜೇಡ್ ಕಲ್ಲಿನ ಪದಕಗಳನ್ನು ಕುರಿತು ಹಾಡಿದ ರ್‍ಯಾಪ್ 2024ರಲ್ಲಿ ಹೊರಬಂದು, 2025ರಲ್ಲಿ ಚೀನಾದ ಗಡಿ ದಾಟಿ ಹರಡಿತು.

ಹಾಡು ಊರ ಮಾತಿಗೆ ಮಾನ ತರಬಲ್ಲುದು. ನಾಚಿಕೆಯಿಂದ ಮರೆಮಾಚುತ್ತಿದ್ದ ಉಚ್ಚಾರವನ್ನು ತರುಣರು ಅಭಿಮಾನದಿಂದ ಆಡುವಂತೆ ಮಾಡಬಲ್ಲುದು. ಆದರೆ ಹಾಡನ್ನು ಬಾಯಿಪಾಠ ಮಾಡಿದ ಮಗುವು ಅಜ್ಜಿಯೊಡನೆ ಅದೇ ಮಾತಿನಲ್ಲಿ ಸಂಭಾಷಿಸದೆ ಹೋದರೆ ಆ ಮಾನವು ವೇದಿಕೆಯಲ್ಲಿಯೇ ಉಳಿದುಬಿಡುತ್ತದೆ. ಅನುಭಾವವನ್ನು ಆಡುನುಡಿಯಲ್ಲಿ ನುಡಿದ ಶರಣರ ಪರಂಪರೆಯಲ್ಲಿ ಬಂದ ನಮಗೆ ಇದು ತಿಳಿಯದ ವಿಷಯವಲ್ಲ. ಹೊಸ ತಾಳವನ್ನು ಮಕ್ಕಳು ತಂದಾರು, ಅದಕ್ಕೆ ಬೇಕಾದ ಮಾತನ್ನು ಮನೆಯ ಹಿರಿಯರೇ ಕೊಡಬೇಕು.